ಎಣ್ಣೆ ಹೊಡೆಯುವ ಮುನ್ನ: ವಾಗದರಿ ಸೀಮೆಯ ದಾಳಿಂಬೆ ತೋಟದ ಲೆಕ್ಕ

ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ ದಾಳಿಂಬೆ ತೋಟಕ್ಕೆ ಹೋದಾಗ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆ ಇದ್ದು, ಎಣ್ಣೆ ಬಿದ್ದ ಕಾಗದದ ಹಾಗೆ ಅದರೊಳಗಿಂದ ಬೆಳಕು ಹಾಯ್ದು ಬಂದರೆ ತೋಟಕ್ಕೆ 'ತೇಲ್ಯಾ' ಎಂಬ ದುಂಡಾಣು ರೋಗ ಕಾಲಿಟ್ಟಿದೆ ಎಂದು ತಿಳಿಯಿರಿ. ಬೆಳಕು ಹಾಯದ ಒಣ ಚುಕ್ಕೆಯಾದರೆ ಅದು ಬಹುಪಾಲು ಶಿಲೀಂಧ್ರದ ಕೆಲಸ. ಎರಡಕ್ಕೂ ಮದ್ದು ಬೇರೆ. ಎಲೆ ಬಿಸಿಲಿಗೆ ಹಿಡಿಯಲು ಅರ್ಧ ನಿಮಿಷ ಸಾಕು. ಅದನ್ನು ಮಾಡದೆ ಅಂಗಡಿಗೆ ಓಡಿದರೆ ಸಾವಿರಾರು ರೂಪಾಯಿ ತಪ್ಪು ಬಾಟಲಿಗೆ ಹೋಗುತ್ತದೆ.

ಅಕ್ಕಲಕೋಟೆಯಿಂದ ಆಳಂದದ ಕಡೆ ಹೋಗುವ ದಾರಿಯಲ್ಲಿರುವ ವಾಗದರಿ ಮಹಾರಾಷ್ಟ್ರದ ಊರು, ಮನೆಮಾತು ಕನ್ನಡ. ಇಲ್ಲಿನ ರೈತ ಪೇಟೆಯಲ್ಲಿ ಮರಾಠಿ ಮಾತಾಡುತ್ತಾನೆ, ಬದುವಿನ ಮೇಲೆ ಕನ್ನಡ. ದಾಳಿಂಬೆಯ ಮಾತುಗಳಂತೂ ಎರಡೂ ಬೆರೆತೇ ಬಂದಿವೆ. ಗಿಡ ಸವರುವುದಕ್ಕೆ ಚಾಟ್ನಿ, ನೀರು ನಿಲ್ಲಿಸಿ ಒಣಗಿಸುವುದಕ್ಕೆ ತಾಣ, ದುಂಡಾಣು ಅಂಗಮಾರಿಗೆ ತೇಲ್ಯಾ, ಸೊರಗು ರೋಗಕ್ಕೆ 'ಮರ'. ಮರಾಠಿಯಲ್ಲಿ ಮರ ಎಂದರೆ ಸಾವು. ಮರಾಠಿ ಕರಪತ್ರ ಓದುವ ಕನ್ನಡಿಗ ಇದನ್ನು ನೆನಪಿಡಬೇಕು. ಇನ್ನು ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ 'ಎಣ್ಣೆ ಹೊಡೆಯುವುದು' ಎನ್ನುತ್ತೇವೆ.

ಸೊಲ್ಲಾಪುರ ಜಿಲ್ಲೆ ದಾಳಿಂಬೆಯ ತವರು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದ ಕೇಗಾಂವದಲ್ಲಿದೆ. ಸೊಲ್ಲಾಪುರ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಇಷ್ಟು ಹೆಸರಿರುವ ಸೀಮೆಯಲ್ಲೇ ಒಂದು ಮಳೆಗಾಲದಲ್ಲಿ ತೋಟ ಕಪ್ಪಾಗಿ, ಗಿಡ ಕಿತ್ತು ಬದುವಿಗೆ ಒಟ್ಟಿದವರೂ ಇದ್ದಾರೆ. ಅವರು ಎಣ್ಣೆ ಹೊಡೆಯಲಿಲ್ಲ ಎಂದಲ್ಲ, ಬಹುತೇಕರು ಹೊಡೆದೇ ಸೋತವರು. ದಾಳಿಂಬೆಯ ಗೆಲುವು ಸೋಲು ಪಂಪು ಹೆಗಲಿಗೇರುವ ಎಷ್ಟೋ ಮೊದಲೇ, ನೆಲ, ಸಸಿ ಮತ್ತು ಬಹಾರ (ಹೂ ಬಿಡಿಸುವ ಕಾಲ) ಆರಿಸುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆ ಮುಕ್ಕಾಲು ಪಾಲನ್ನು ಮೊದಲು ನೋಡೋಣ.

ನೆಲ ಮತ್ತು ಸಸಿ

ದಾಳಿಂಬೆ ಬರ ತಾಳುವ ಗಿಡ, ಆದರೆ ಬೇರಿನ ಬುಡದಲ್ಲಿ ನಿಂತ ನೀರನ್ನು ತಾಳುವುದಿಲ್ಲ. ಮೊರಡಿ, ಮಸಾರಿ ನೆಲ ಅದಕ್ಕೆ ಒಗ್ಗುತ್ತದೆ. ಆಳವಾದ ಎರೆ ನೆಲದಲ್ಲಿ ಗಿಡ ಸೊಂಪಾಗಿ ಬೆಳೆದಂತೆ ಕಂಡರೂ ಎರಡು ತೊಡಕು ಇವೆ. ಒಂದು, ಮಳೆಗಾಲದಲ್ಲಿ ನೀರು ಬಸಿಯದೆ ಬೇರು ಉಸಿರುಗಟ್ಟಿ ಸೊರಗು ರೋಗಕ್ಕೆ ದಾರಿಯಾಗುತ್ತದೆ. ಇನ್ನೊಂದು, ತಾಣ ಕೊಡಬೇಕಾದಾಗ ಎರೆ ತನ್ನೊಳಗಿನ ತೇವವನ್ನು ಬೇಗ ಬಿಡುವುದಿಲ್ಲ. ಎರೆ ಹೊಲದಲ್ಲೇ ಹಚ್ಚಬೇಕೆಂದರೆ ಏರುಮಡಿ ಕಟ್ಟಿ, ಸಾಲಿನ ನಡುವೆ ಬಸಿಗಾಲುವೆ ತೆಗೆಯಿರಿ.

ಅಂತರ 15 ಅಡಿ, 10 ಅಡಿ ಇರಲಿ. ಎಕರೆಗೆ ಸುಮಾರು 290 ಗಿಡ ಕೂಡುತ್ತವೆ. ಹೆಚ್ಚು ಗಿಡ, ಹೆಚ್ಚು ಹಣ್ಣು ಎಂದು ಒತ್ತಾಗಿ ಹಚ್ಚಿದರೆ ಮೂರನೆಯ ವರ್ಷಕ್ಕೆ ಟೊಂಗೆಗೆ ಟೊಂಗೆ ತಾಗಿ ಗಾಳಿ ಆಡುವುದು ನಿಲ್ಲುತ್ತದೆ. ಮಳೆಯ ಹನಿ ಎಲೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೋ ರೋಗಕ್ಕೆ ಅಷ್ಟು ಅನುಕೂಲ. ಬೇರಿಗೆ ಬೇರು ತಾಗಿದರೆ ಸೊರಗು ರೋಗವೂ ಗಿಡದಿಂದ ಗಿಡಕ್ಕೆ ದಾಟುತ್ತದೆ.

ಸಸಿಯ ವಿಷಯದಲ್ಲಿ ಅಗ್ಗಕ್ಕೆ ಮನಸೋಲಬೇಡಿ. ತೇಲ್ಯಾ ಹೊಸ ಊರಿಗೆ ಬರುವ ಮುಖ್ಯ ದಾರಿ ಸಸಿಯೇ. ರೋಗ ಹತ್ತಿದ ತಾಯಿಗಿಡಕ್ಕೆ ಗೂಟಿ ಕಟ್ಟಿ ತೆಗೆದ ಸಸಿ ನೋಡಲು ಹಸಿರಾಗಿದ್ದರೂ ರೋಗಾಣುವನ್ನು ಒಳಗೇ ಹೊತ್ತು ತಂದಿರುತ್ತದೆ. ತಾಯಿತೋಟವನ್ನು ಮಳೆಗಾಲದಲ್ಲಿ ಕಣ್ಣಾರೆ ನೋಡಿ ಗೂಟಿ ಸಸಿ ತನ್ನಿ, ಇಲ್ಲವೇ ನಂಬಿಕೆಯ ಕಡೆಯಿಂದ ಅಂಗಾಂಶ ಕೃಷಿಯ ಸಸಿ ತನ್ನಿ. ತಳಿಗಳಲ್ಲಿ ಈಗ ಎಲ್ಲ ಕಡೆ ಭಗವಾ ಮುಂದಿದೆ. ಕೆಂಪು ದಪ್ಪ ಸಿಪ್ಪೆ, ಕೆಂಪು ಕಾಳು, ದೂರದ ಪೇಟೆಗೆ ತಾಳುವ ಗುಣ ಅದರದು. ಅದಕ್ಕಿಂತ ಮೊದಲು ದಶಕಗಳ ಕಾಲ ಮೆರೆದದ್ದು ಪುಣೆಯಲ್ಲಿ ಆಯ್ದು ತೆಗೆದ ಗಣೇಶ ತಳಿ. ತೇಲ್ಯಾ ಎರಡಕ್ಕೂ ಬರುತ್ತದೆ, ತಳಿ ಬದಲಿಸಿದ ಮಾತ್ರಕ್ಕೆ ಅದರಿಂದ ಬಿಡುಗಡೆ ಇಲ್ಲ.

ಬಹಾರ ಆರಿಸುವುದೇ ದೊಡ್ಡ ಮದ್ದು

ನೀರಿದ್ದರೆ ದಾಳಿಂಬೆ ವರ್ಷವಿಡೀ ಅಲ್ಲಿಷ್ಟು ಇಲ್ಲಿಷ್ಟು ಹೂ ಬಿಡುತ್ತಲೇ ಇರುತ್ತದೆ. ಅದನ್ನು ತಡೆದು, ಗಿಡಕ್ಕೆ ವಿಶ್ರಾಂತಿ ಕೊಟ್ಟು, ನಮಗೆ ಬೇಕಾದ ಕಾಲಕ್ಕೆ ಒಟ್ಟಿಗೆ ಹೂ ಬಿಡಿಸುವುದೇ ಬಹಾರ ಹಿಡಿಯುವುದು. ಬಹಾರಗಳ ಹೆಸರು ನಮ್ಮ ರೈತರಿಗೆ ಹೊಸದಲ್ಲ, ಮಳೆ ನಕ್ಷತ್ರದ ಲೆಕ್ಕವೇ ಅದು.

ಮಿರಗದ ಮಳೆಗೆ ಹೂ ಬಿಡಿಸಿದರೆ ಮೃಗ ಬಹಾರ. ಜೂನ್–ಜುಲೈ ಹೂ, ಡಿಸೆಂಬರ್‌ನಿಂದ ಫೆಬ್ರವರಿಗೆ ಹಣ್ಣು. ನೀರಿನ ಚಿಂತೆ ಕಡಿಮೆ, ಮಳೆಯೇ ಬೆಳೆ ಬೆಳೆಸುತ್ತದೆ. ಆದರೆ ಚಿಗುರು, ಹೂ, ಎಳೆಗಾಯಿ ಮೂರೂ ಮಳೆಗೆ ಸಿಕ್ಕುತ್ತವೆ. ತೇಲ್ಯಾದ ಕಾಟ ಅತಿ ಹೆಚ್ಚಾಗುವುದು ಈ ಬಹಾರದಲ್ಲಿ.

ಹಸ್ತದ ಮಳೆಯ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂ ಬಿಡಿಸಿದರೆ ಹಸ್ತ ಬಹಾರ. ಹಣ್ಣು ಮಾರ್ಚ್–ಏಪ್ರಿಲ್‌ಗೆ. ಕಾಯಿ ದಪ್ಪವಾಗುವುದು ಚಳಿಗಾಲದ ಒಣ ಹವೆಯಲ್ಲಿ, ಆದ್ದರಿಂದ ರೋಗ ಕಡಿಮೆ. ಹಣ್ಣಿಗೆ ಬಣ್ಣ ಚೆನ್ನ, ಪೇಟೆಗೆ ಮಾಲು ಕಡಿಮೆ ಬರುವ ಕಾಲವಾದ್ದರಿಂದ ದರವೂ ಚೆನ್ನ. ಕಷ್ಟ ಇರುವುದು ತಾಣದಲ್ಲಿ. ಸೊಲ್ಲಾಪುರ ಸೀಮೆಯಲ್ಲಿ ಜೋರು ಮಳೆ ಬೀಳುವುದೇ ಸೆಪ್ಟೆಂಬರ್‌ನಲ್ಲಿ. ಗಿಡಕ್ಕೆ ಬಾಯಾರಿಕೆ ಆಗಬೇಕಾದಾಗ ಮೇಲಿಂದ ನೀರು ಸುರಿದರೆ ಎಲೆ ಉದುರುವುದಿಲ್ಲ, ಹೂ ಒಟ್ಟಿಗೆ ಬರುವುದಿಲ್ಲ. ನೀರು ಬಸಿಯುವ ಮೊರಡಿ ನೆಲದವರಿಗೆ ಇದು ಸಾಧ್ಯ, ಎರೆಯವರಿಗೆ ಬಲು ಕಷ್ಟ.

ಮಾವು ಹೂ ಬಿಡುವ ಜನವರಿ–ಫೆಬ್ರವರಿಯಲ್ಲಿ ಹಿಡಿಯುವುದು ಅಂಬೆ ಬಹಾರ. ಹಣ್ಣು ಜೂನ್‌ನಿಂದ ಆಗಸ್ಟ್‌ಗೆ. ಹವೆ ಒಣಗಿರುವುದರಿಂದ ತಾಣ ಸಲೀಸು, ಹೂ ಹೇರಳ. ಆದರೆ ಏಪ್ರಿಲ್–ಮೇ ತಿಂಗಳ ಉರಿಯಲ್ಲಿ ಕಾಯಿಗೆ ನೀರು ಬೇಕೇ ಬೇಕು. ಜೂನ್ ಮಳೆ ಬೇಗ ಬಂದರೆ ಬಲಿತ ಕಾಯಿಗೆ ಕೊನೆಗಳಿಗೆಯಲ್ಲಿ ಚುಕ್ಕೆ ಬೀಳುವ ಭಯವೂ ಇದೆ.

ಹಾಗಾದರೆ ಯಾವುದು ಒಳ್ಳೆಯದು? ಮೇ ತಿಂಗಳಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ಮೊದಲು ನೋಡಿ. ಬೋರಿ ನದಿಯ ಕುರನೂರ ಅಣೆಕಟ್ಟಿನ ಆಸರೆ ಇರುವ ಅಥವಾ ಕೃಷಿಹೊಂಡ ತುಂಬಿಸಿಟ್ಟುಕೊಂಡ ತೋಟಕ್ಕೆ ಅಂಬೆ ಒಪ್ಪುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತುವ ಮೊರಡಿಗೆ ಹಸ್ತ. ಒಮ್ಮೆ ತೇಲ್ಯಾ ಕಂಡ ತೋಟದಲ್ಲಿ ಮೃಗ ಬಹಾರವನ್ನು ಕೈಬಿಡುವುದೇ ಕ್ಷೇಮ. ಕೇಗಾಂವದ ತಜ್ಞರೂ ರೋಗವಿರುವ ತೋಟಗಳಿಗೆ ಮಳೆಗಾಲದ ಬೆಳೆ ಬಿಡಿ, ಹಸ್ತ ಹಿಡಿಯಿರಿ ಎನ್ನುತ್ತಾರೆ. ಯಾವ ಬಹಾರ ಹಿಡಿದರೂ ವರ್ಷಕ್ಕೆ ಒಂದೇ ಬೆಳೆ. ಎರಡಕ್ಕೆ ಆಸೆಪಟ್ಟರೆ ಗಿಡ ಸೋಲುತ್ತದೆ, ರೋಗಾಣುವಿಗೆ ವರ್ಷವಿಡೀ ಊಟ ಸಿಗುತ್ತದೆ. ಸಸಿ ಹಚ್ಚಿ ಎರಡು ವರ್ಷ ತುಂಬುವ ಮುಂಚೆ ಬಹಾರವೇ ಬೇಡ.

ತಾಣ, ಚಾಟ್ನಿ, ಮೊದಲ ನೀರು

ಹಣ್ಣು ಕಿತ್ತ ಮೇಲೆ ಗಿಡಕ್ಕೆ ಸುಮಾರು ಮೂರು ತಿಂಗಳು ಬಿಡುವು ಕೊಡಿ. ಆಮೇಲೆ ನೀರು ನಿಲ್ಲಿಸಿ. ಹಗುರ ನೆಲದಲ್ಲಿ ನಾಲ್ಕರಿಂದ ಆರು ವಾರ, ಎರೆಯಲ್ಲಿ ಇನ್ನೂ ಹೆಚ್ಚು. ಎಲೆ ಹಳದಿಗೆ ತಿರುಗಿ ಅರೆಬರೆ ಉದುರಲು ತೊಡಗಿದಾಗ, ಉಳಿದದ್ದು ಉದುರಲೆಂದು ಎಥ್ರೆಲ್ ಸಿಂಪಡಿಸುತ್ತಾರೆ. ಲೀಟರ್ ನೀರಿಗೆ 1ರಿಂದ 2 ಮಿ.ಲೀ. ರೂಢಿ. ತಾಣ ಪೂರ್ತಿ ಕೂಡದೆ ಎಥ್ರೆಲ್ ಪ್ರಮಾಣ ಏರಿಸಿದರೆ ಟೊಂಗೆಯೇ ಒಣಗುತ್ತದೆ.

ಎಲೆ ಉದುರಿದ ಗಿಡ ತೆರೆದ ಪುಸ್ತಕವಿದ್ದಂತೆ. ಟೊಂಗೆಯ ಮೇಲೆ ಕಂದು-ಕಪ್ಪು ಗಾಯ, ಬಿರುಕು ಎಲ್ಲಿದ್ದರೂ ಈಗ ಕಾಣುತ್ತದೆ. ಗಾಯದಿಂದ ಎರಡು ಇಂಚು ಕೆಳಗೆ ಕತ್ತರಿಸಿ. ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಶೇಕಡಾ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಚಾಟ್ನಿಗೆ ಬರುವ ಗುಂಪು ನಿನ್ನೆ ಬೇರೆ ತೋಟದಲ್ಲಿ ಕೆಲಸ ಮಾಡಿರುತ್ತದೆ, ಅವರ ಕತ್ತರಿಯಲ್ಲೇ ಆ ತೋಟದ ರೋಗ ನಿಮ್ಮಲ್ಲಿಗೆ ಬರಬಹುದು. ಒಂದು ಬಕೆಟ್ ದ್ರಾವಣ ಮಾಡಿಟ್ಟು ಅದ್ದಿಸುವುದು ನಿಮ್ಮ ಕೆಲಸ.

ಕತ್ತರಿಸಿದ ಟೊಂಗೆ, ಉದುರಿದ ಎಲೆ, ಒಣಗಿದ ಕಾಯಿ ಒಂದೂ ಬುಡದಲ್ಲಿ ಉಳಿಯದಂತೆ ಗುಡಿಸಿ ತೋಟದ ಹೊರಗೆ ಸುಟ್ಟುಬಿಡಿ. ಬೇರೆ ಬೆಳೆಗೆ ಉದುರಿದೆಲೆ ಗೊಬ್ಬರ. ರೋಗ ಹತ್ತಿದ ದಾಳಿಂಬೆಯಲ್ಲಿ ಅದೇ ರೋಗಾಣುವಿನ ಉಗ್ರಾಣ, ತಿಂಗಳುಗಟ್ಟಲೆ ಅದರಲ್ಲಿ ಬದುಕಿರುತ್ತದೆ. ಬಳಿಕ ಕಾಂಡಕ್ಕೆ ಬೋರ್ಡೋ ಮುಲಾಮು ಬಳಿದು, ಗಿಡಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ (ಎರಡನ್ನೂ ಮಾಡುವ ಬಗೆ ಮುಂದಿದೆ), ಗೊಬ್ಬರ ಕೊಟ್ಟು, ಹಗುರವಾಗಿ ಮೊದಲ ನೀರು ಬಿಡಿ.

ತೇಲ್ಯಾ ಹೇಗೆ ಹರಡುತ್ತದೆ

ತೇಲ್ಯಾಕ್ಕೆ ಕಾರಣ ಕ್ಸ್ಯಾಂತೊಮೊನಸ್ ಎಂಬ ದುಂಡಾಣು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ದಿಲ್ಲಿಯಲ್ಲಿ. ದಶಕಗಳ ಕಾಲ ಸಣ್ಣ ರೋಗವಾಗಿಯೇ ಇದ್ದದ್ದು 2000ದ ನಂತರದ ವರ್ಷಗಳಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ತೋಟಗಳನ್ನು ಬೋಳಿಸಿತು. ಬಾಗಲಕೋಟೆ, ವಿಜಯಪುರ, ಕೊಪ್ಪಳದ ರೈತರೂ ಅದೇ ಪೆಟ್ಟು ತಿಂದರು.

ಈ ದುಂಡಾಣುವಿಗೆ ರೆಕ್ಕೆ ಇಲ್ಲ, ಕಾಲೂ ಇಲ್ಲ. ಗಾಳಿ ಬೆರೆತ ಮಳೆಯ ಹನಿಯೇ ಅದರ ವಾಹನ. ಹನಿ ರೋಗದ ಎಲೆಗೆ ಬಡಿದು ಸಿಡಿದಾಗ ಪಕ್ಕದ ಎಲೆಗೆ ಹಾರುತ್ತದೆ. ಮುಳ್ಳು ಗೀರಿದ ಗಾಯ, ಕೀಟ ಕಡಿದ ತೂತು, ಎಲೆಯ ಉಸಿರುರಂಧ್ರ ಇವುಗಳ ಮೂಲಕ ಒಳಹೊಗುತ್ತದೆ. ಸೆಖೆ ಮತ್ತು ತೇವ ಎರಡೂ ಕೂಡಿದ ಮೋಡದ ದಿನಗಳಲ್ಲಿ ವೇಗವಾಗಿ ಹೆಚ್ಚುತ್ತದೆ. ಕಾಯಿಯ ಮೇಲೆ ಮೊದಲು ಎಣ್ಣೆಕಲೆ, ಆಮೇಲೆ ಕಪ್ಪು ಚುಕ್ಕೆ, ಕೊನೆಗೆ ಚುಕ್ಕೆಯ ನಡುವೆ ಕವಲೊಡೆದ ಬಿರುಕು. ಬಿರುಕು ಬಿಟ್ಟ ಕಾಯಿಯನ್ನು ಯಾವ ಮದ್ದೂ ಕೂಡಿಸುವುದಿಲ್ಲ. ಕಿತ್ತು, ಚೀಲದಲ್ಲಿ ಹಾಕಿ, ತೋಟದ ಹೊರಗೆ ಹೂಳಿ ಅಥವಾ ಸುಡಿ.

ಆದ್ದರಿಂದ ಈ ರೋಗಕ್ಕೆ ಮದ್ದಿಗಿಂತ ಮೊದಲು ತಡೆ ಬೇಕು. ಆ ತಡೆಯೇ ಬೋರ್ಡೋ. ಮಾಡುವ ಬಗೆ ತಪ್ಪಿದರೆ ಎಲೆ ಸುಡುತ್ತದೆ, ಸ್ವಲ್ಪ ನಿಧಾನವಾಗಿ ಓದಿ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಸೋಸಿಕೊಳ್ಳಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಅಥವಾ ಮಣ್ಣಿನದು ಇರಲಿ. ಎರಡನ್ನೂ ಮೂರನೆಯ ಪೀಪಾಯಿಗೆ ಒಟ್ಟಿಗೆ ಸುರಿಯುತ್ತಾ ಕೋಲಿನಿಂದ ತಿರುವಿ. ತಿಳಿನೀಲಿ ಬಣ್ಣದ ದ್ರಾವಣ ಬರುತ್ತದೆ. ಉಜ್ಜಿ ಹೊಳೆಯುವ ಕುಡಗೋಲಿನ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಕೆಂಪು ಹತ್ತದಂತಾದ ಮೇಲೆ ಬಳಸಿ. ಮಾಡಿದ ದಿನವೇ ಮುಗಿಸಬೇಕು. ಕಾಂಡಕ್ಕೆ ಬಳಿಯುವ ಮುಲಾಮಿಗೆ ಇದೇ ತೂಕಕ್ಕೆ ಒಟ್ಟು 10 ಲೀಟರ್ ನೀರು.

ತೇಲ್ಯಾಕ್ಕೆ ಮನುಷ್ಯರ ಮದ್ದಾದ ಆಂಟಿಬಯೋಟಿಕ್ ಹೊಡೆಯುವ ಚಾಳಿ ಬೆಳೆದಿತ್ತು. ಅದನ್ನು ಬಿಡಬೇಕು. ಪದೇ ಪದೇ ಹೊಡೆದಷ್ಟೂ ರೋಗಾಣು ಅದಕ್ಕೆ ಪಳಗುತ್ತದೆ. ನಾಳೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಕೈಹಿಡಿಯಬೇಕಾದ ಔಷಧಿಗಳವು.

ಹಗಲಿನ ಚಿಟ್ಟೆ, ರಾತ್ರಿಯ ಪತಂಗ, ಕಣ್ಣಿಗೆ ಕಂಡೂ ಕಾಣದ ಥ್ರಿಪ್ಸ್

ಹಣ್ಣು ಕೊರೆಯುವ ಹುಳದ ತಾಯಿ ಚೆಲುವಾದ ಚಿಟ್ಟೆ. ಹಗಲಲ್ಲೇ ಹಾರಾಡಿ ಹೂವಿನ ಬುಡ್ಡೆಯ ಮೇಲೆ, ಎಳೆಗಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೂಡಲೇ ಕಾಯಿ ಕೊರೆದು ಒಳಹೋಗಿ ಕಾಳು ತಿನ್ನುತ್ತದೆ. ಒಳಹೊಕ್ಕ ಮೇಲೆ ಮೇಲಿಂದ ಹೊಡೆದ ಎಣ್ಣೆ ಅದನ್ನು ಮುಟ್ಟುವುದಿಲ್ಲ. ತೂತಿನಿಂದ ಹಿಕ್ಕೆ ಹೊರಬಂದು, ಕೊಳೆತ ವಾಸನೆ ಬಂದಾಗಲೇ ನಮಗೆ ತಿಳಿಯುವುದು. ಹಾಗಾಗಿ ಹಿಡಿಯಬೇಕಾದ ಕಾಲ ಹೂವಿನಿಂದ ನಿಂಬೆಗಾತ್ರದ ಕಾಯಿಯವರೆಗೆ ಮಾತ್ರ. ಆಗ ಬೇವಿನ ಕಷಾಯ ಸಿಂಪಡಿಸಿ, ಟ್ರೈಕೊಗ್ರಾಮ ಪರತಂತ್ರ ಜೀವಿಯ ಕಾರ್ಡು ಕಟ್ಟಿ. ತೂತು ಬಿದ್ದ ಕಾಯಿಗಳನ್ನು ವಾರವಾರ ಕಿತ್ತು ನಾಶ ಮಾಡಿ. ಕಾಯಿಗೆ ಬಟರ್ ಕಾಗದದ ಅಥವಾ ನೇಯದ ಬಟ್ಟೆಯ ಚೀಲ ತೊಡಿಸುವುದು ಕೂಲಿಯ ಕೆಲಸವಾದರೂ, ಒಂದೇ ಚೀಲ ಹುಳ, ಬಿಸಿಲ ಸುಡು, ಪತಂಗ ಮೂರನ್ನೂ ತಡೆಯುತ್ತದೆ.

ಕಾಯಿ ಬಣ್ಣ ತಿರುಗುವಾಗ ರಸ ಹೀರುವ ಪತಂಗ ಬರುತ್ತದೆ. ಇದು ರಾತ್ರಿಯದು. ಸೂಜಿಯಂಥ ಸೊಂಡಿಲಿನಿಂದ ಸಿಪ್ಪೆ ಚುಚ್ಚುತ್ತದೆ, ಆ ತೂತಿನ ಸುತ್ತ ಹಣ್ಣು ಕೊಳೆಯುತ್ತದೆ. ಹಗಲಲ್ಲಿ ಹುಡುಕಿದರೆ ಕಾಣುವುದಿಲ್ಲ. ಅದರ ಮರಿ ಬೆಳೆಯುವುದೂ ತೋಟದಲ್ಲಿ ಅಲ್ಲ, ಬದುವಿನ ಅಮೃತಬಳ್ಳಿ, ದಾಗಡಿ ಬಳ್ಳಿಯ ಮೇಲೆ. ತೋಟದ ಸುತ್ತಲಿನ ಬೇಲಿಯಿಂದ ಆ ಬಳ್ಳಿಗಳನ್ನು ಕಿತ್ತುಹಾಕಿ, ಉದುರಿದ ಹಣ್ಣು ಆಯ್ದುಹಾಕಿ, ಸಂಜೆ ಹೊಗೆ ಹಾಕಿದರೆ ಹಾವಳಿ ಇಳಿಯುತ್ತದೆ.

ಥ್ರಿಪ್ಸ್ ಎಳೆಕಾಯಿಯ ಸಿಪ್ಪೆ ಕೆರೆದು ರಸ ಹೀರುತ್ತದೆ. ಕಾಯಿ ದೊಡ್ಡದಾದಂತೆ ಆ ಗೀರು ಹುರುಕಿನ ಹಾಗೆ ಹಿಗ್ಗಿ ಹಣ್ಣಿನ ದರ್ಜೆ ಕೆಡಿಸುತ್ತದೆ. ನೀಲಿ ಅಂಟುಕಾಗದ ತೂಗಿಬಿಟ್ಟು ಎಷ್ಟು ಬೀಳುತ್ತವೆ ನೋಡಿ. ಚಿಗುರನ್ನು ಬಿಳಿ ಕಾಗದದ ಮೇಲೆ ತಟ್ಟಿದರೂ ಓಡಾಡುವುದು ಕಾಣುತ್ತದೆ. ಹೂವಿನ ಕಾಲದಲ್ಲಿ ಎಣ್ಣೆ ಹೊಡೆಯುವುದಾದರೆ ಸಂಜೆ ಹೊಡೆಯಿರಿ. ಬೆಳಿಗ್ಗೆ ಜೇನು ಹೂವಿನ ಮೇಲಿರುತ್ತದೆ, ಅದನ್ನು ಕೊಂದರೆ ಕಾಯಿ ಕಚ್ಚುವುದೂ ಕುಗ್ಗುತ್ತದೆ.

ಸೊರಗು ಬಂದ ಗಿಡ

ಒಂದು ಟೊಂಗೆ ಹಳದಿಯಾಗಿ, ವಾರಗಳಲ್ಲಿ ಇಡೀ ಗಿಡ ಕಾಯಿ ಹೊತ್ತಂತೆಯೇ ಒಣಗಿದರೆ ಕಾಂಡವನ್ನು ಅಡ್ಡ ಕೊಯ್ದು ನೋಡಿ. ಒಳಗೆ ನಕ್ಷತ್ರದಂತೆ ಕಂದು ಕಲೆ ಹರಡಿದ್ದರೆ ಅದು ಸೆರಾಟೊಸಿಸ್ಟಿಸ್ ಶಿಲೀಂಧ್ರದ ಸೊರಗು. ಬುಡದ ಕಾಂಡದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಕೊರಕ ದುಂಬಿಯೂ ಸೇರಿಕೊಂಡಿದೆ. ಬೇರಿನಲ್ಲಿ ಗಂಟು ಕಂಡರೆ ಜಂತುಹುಳು, ಅದು ಮಾಡಿದ ಗಾಯವೇ ಶಿಲೀಂಧ್ರಕ್ಕೆ ಬಾಗಿಲು. ಪೂರ್ತಿ ಸೊರಗಿದ ಗಿಡ ಉಳಿಯುವುದಿಲ್ಲ. ಬೇರುಸಹಿತ ಕಿತ್ತು ಸುಟ್ಟು, ಸುತ್ತಲಿನ ಆರೋಗ್ಯದ ಗಿಡಗಳ ಬೇರಿಗೆ ತಾಗದಂತೆ ಕಾಲುವೆ ಹೊಡೆದು, ಅವುಗಳ ಬುಡಕ್ಕೆ ತಜ್ಞರನ್ನು ಕೇಳಿ ಔಷಧ ಉಣಿಸಿ. ಸಾಲಿನ ನಡುವೆ ಚೆಂಡುಹೂ ಹಾಕಿದರೆ ಜಂತುಹುಳು ತಗ್ಗುತ್ತದೆ. ಕೊಳೆತ ಸಗಣಿಗೊಬ್ಬರದಲ್ಲಿ ಟ್ರೈಕೊಡರ್ಮಾ ಬೆಳೆಸಿ ಬುಡಕ್ಕೆ ಕೊಡುವ ರೂಢಿ ಮೊದಲ ವರ್ಷದಿಂದಲೇ ಇರಲಿ.

ರೋಗವೂ ಹುಳವೂ ಇಲ್ಲದೆ ಕಾಯಿ ಸೀಳಿದರೆ ಬಹುಪಾಲು ನೀರಿನ ಏರುಪೇರು ಕಾರಣ. ನಾಲ್ಕು ದಿನ ಒಣಗಿಸಿ ಒಮ್ಮೆಲೇ ನೀರು ಬಿಟ್ಟಾಗ ಕಾಳು ಉಬ್ಬುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಡ್ರಿಪ್ಪಿನಲ್ಲಿ ದಿನವೂ ಅಳತೆಯ ನೀರು ಕೊಡಿ. ಬೋರಾನ್ ಕೊರತೆಯೂ ಕಾರಣವಿರಬಹುದು, ಎಲೆ ಪರೀಕ್ಷೆ ಮಾಡಿಸಿ.

ತರಕಾರಿ, ಪಪ್ಪಾಯದ ಹೊಲಕ್ಕೂ ಇದೇ ಲೆಕ್ಕ

ಹೀರೆ, ಹಾಗಲ, ಸೌತೆಗೆ ಹಣ್ಣುನೊಣ ಬಂದರೆ ಕ್ಯೂಲ್ಯೂರ್ ಬಲೆ, ಮಾವು, ಪೇರಲಕ್ಕೆ ಮಿಥೈಲ್ ಯೂಜಿನಾಲ್ ಬಲೆ. ಇವೆರಡನ್ನು ಅದಲುಬದಲು ಮಾಡಿದರೆ ನೊಣ ಬೀಳುವುದಿಲ್ಲ. ನೊಣದ ಕೋಶ ಮಣ್ಣಿನಲ್ಲಿರುವುದರಿಂದ ಉದುರಿದ ಕಾಯಿಗಳನ್ನು ಬಿಡದೆ ಆಯಬೇಕು. ಬದನೆಯ ಕುಡಿ ಬಾಡಿದರೆ ಒಳಗೆ ಹುಳವಿದೆ. ಆ ಕುಡಿಯನ್ನು ಚಿವುಟಿ ನಾಶ ಮಾಡಿದರೆ ಕಾಯಿಗೆ ಹೋಗುವ ಹುಳ ಅಲ್ಲೇ ಮುಗಿಯುತ್ತದೆ. ಟೊಮೆಟೊ 16 ಸಾಲಿಗೆ ಒಂದು ಸಾಲು ಚೆಂಡುಹೂ ಹಚ್ಚಿದರೆ ಕಾಯಿಕೊರಕ ಆ ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ಅದಕ್ಕೆ ಟೊಮೆಟೊ ಸಸಿ 25 ದಿನದ್ದಾದರೆ ಚೆಂಡುಹೂವಿನದು 45 ದಿನದ್ದಿರಬೇಕು, ಎರಡೂ ಒಟ್ಟಿಗೆ ಹೂ ಬಿಡುವ ಲೆಕ್ಕ ಅದು. ಪಪ್ಪಾಯ, ಬೆಂಡೆ, ಮೆಣಸಿನಕಾಯಿಗೆ ನಂಜುರೋಗ ಹೊತ್ತು ತರುವ ಹೇನು, ಬಿಳಿನೊಣಗಳಿಗೆ ತಡೆಯಾಗಿ ಹೊಲದ ಸುತ್ತ ಎರಡು ಸಾಲು ಜೋಳ ಮೊದಲೇ ಬಿತ್ತಿ. ಜೋಳ ಬಿತ್ತುವುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ.

ಪಪ್ಪಾಯದ ಹಿಟ್ಟುತಿಗಣೆಯ ಕಥೆಯಲ್ಲಿ ಒಂದು ಪಾಠವಿದೆ. ಮೆಕ್ಸಿಕೊ ಮೂಲದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ, ಮರಗೆಣಸನ್ನು ಹಾಳುಮಾಡುತ್ತ ಹರಡಿತು. ಎಷ್ಟು ಎಣ್ಣೆ ಹೊಡೆದರೂ ಮೈಮೇಲಿನ ಮೇಣದ ಹಿಟ್ಟು ಅದನ್ನು ಕಾಯುತ್ತಿತ್ತು. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆ ಪೋರ್ಟೊರಿಕೊದಿಂದ ಅದರ ಸಹಜ ವೈರಿ ಕಣಜಗಳನ್ನು ತರಿಸಿ ಬಿಟ್ಟಿತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಆ ಕಣಜಗಳು ಹಾವಳಿಯನ್ನು ತಗ್ಗಿಸಿದವು. ಎಣ್ಣೆ ಹೊಡೆಯುವುದನ್ನು ನಿಲ್ಲಿಸಿದ ಹೊಲದಲ್ಲಿ ಅವು ಬೇಗ ನೆಲೆಯೂರಿದವು.

ಹೊಡೆಯಲೇಬೇಕಾದಾಗ

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಡಬ್ಬಿಯ ಮೇಲೆ ನಿಮ್ಮ ಬೆಳೆಯ ಹೆಸರು ಇದ್ದರೆ ಮಾತ್ರ ಕೊಳ್ಳಿ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳು ಅಲ್ಲೇ ಬರೆದಿರುತ್ತವೆ. ಹೊರದೇಶಕ್ಕೆ ಹೋಗುವ ಹಣ್ಣಿನಲ್ಲಿ ಔಷಧದ ಉಳಿಕೆ ಕಂಡರೆ ಮಾಲು ತಿರಸ್ಕಾರವಾಗುತ್ತದೆ, ಊರ ಸಂತೆಯಲ್ಲಿ ಅದನ್ನು ಪರೀಕ್ಷಿಸುವವರಿಲ್ಲ. ಎರಡೂ ಕಡೆ ತಿನ್ನುವವರು ಮನುಷ್ಯರೇ ಎಂಬುದನ್ನು ಬೆಳೆಯುವವರು ಮರೆಯಬಾರದು. ನಾಲ್ಕು ಔಷಧ ಒಟ್ಟಿಗೆ ಕಲಸಬೇಡಿ. ಒಂದೇ ಗುಂಪಿನ ಔಷಧವನ್ನು ಮೇಲಿಂದ ಮೇಲೆ ಹೊಡೆಯಬೇಡಿ. ಗಾಳಿಗೆ ಎದುರು ನಿಲ್ಲಬೇಡಿ, ಕೈಗವಸು, ಮುಖಗವಸು ಇಲ್ಲದೆ ಕೂಲಿಯವನ ಹೆಗಲಿಗೆ ಪಂಪು ಏರಿಸಬೇಡಿ.

ಬದುವಿನಾಚೆ

ಕೊನೆಗೆ ಒಬ್ಬ ರೈತನಿಂದಷ್ಟೇ ಆಗದ ಕೆಲಸವೊಂದಿದೆ. ನಾನು ಹಸ್ತ ಹಿಡಿದು, ನೆರೆಯವನು ಮೃಗ ಹಿಡಿದು, ಅವನಾಚೆಯವನು ಅಂಬೆ ಹಿಡಿದರೆ ಆ ದಿಣ್ಣೆಯ ಮೇಲೆ ವರ್ಷದ ಹನ್ನೆರಡು ತಿಂಗಳೂ ಎಳೆಗಾಯಿ ಇರುತ್ತದೆ. ಚಿಟ್ಟೆಗೆ, ಥ್ರಿಪ್ಸಿಗೆ, ದುಂಡಾಣುವಿಗೆ ಒಂದು ತೋಟ ಮುಗಿದರೆ ಇನ್ನೊಂದು ಸಿದ್ಧ. ಅದೇ ಹತ್ತು ತೋಟದವರು ಕೂಡಿ ಕುಳಿತು ಒಂದೇ ಬಹಾರ ಹಿಡಿದರೆ ಹತ್ತೂ ತೋಟಗಳು ಒಂದೇ ಕಾಲಕ್ಕೆ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ, ರೋಗ ಉಪವಾಸ ಬೀಳುತ್ತದೆ. ಕಸ ಸುಡುವ ದಿನ, ಚಾಟ್ನಿಯ ಗುಂಪು, ಕತ್ತರಿ ಅದ್ದುವ ಬಕೆಟ್ ಎಲ್ಲವೂ ಒಂದೇ ಲೆಕ್ಕದಲ್ಲಿ ನಡೆಯುತ್ತವೆ. ಇದಕ್ಕೆ ಬೇಕಾದದ್ದು ಶ್ರಾವಣದ ಒಂದು ಸಂಜೆ, ಊರ ಕಟ್ಟೆಯ ಮೇಲೆ ಒಂದು ಮಾತುಕತೆ. ಬರುವಾಗ ಪ್ರತಿಯೊಬ್ಬರೂ ತಮ್ಮ ತೋಟದ ಒಂದೊಂದು ಎಲೆ ತನ್ನಿ, ಬೆಳಕಿರುವಾಗಲೇ ಎಲ್ಲರೂ ಕೂಡಿ ಅವನ್ನು ಬಿಸಿಲಿಗೆ ಹಿಡಿದು ನೋಡಿ.